ಡಾಕ್ಟರ ಪೇಪರು ಜ್ವರಕ್ಕೆ ಕೂತದ್ದು

ದುಂಡಗಿನ ಅಕ್ಷರ ಬರೆಯುವುದರಲ್ಲಿ ಶಿಡ್ಲಘಟ್ಟದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳುತ್ತಿರಲಿಲ್ಲವಲ್ಲ! ಮಿಡ್ಲ್ ಸ್ಕೂಲ್ ಮೇಷ್ಟರಿಗೆ ಅಷ್ಟಾದರೂ ಆಸ್ತಿ ಬೇಡವೇ?

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಬೀದಿಯ ಡಾಕ್ಟರು ಬೆಂಗಳೂರಿನಲ್ಲಿ ರಕ್ತದ ಕ್ಯಾನ್ಸರ್ ಮೇಲೆ ಸಂಶೋಧನೆ ಮಾಡುತ್ತಿದ್ದರು. ಭಾನುವಾರ ತಾಯಿಯನ್ನು ನೋಡಲು ಬರುತ್ತಿದ್ದರು. ಆ ವರ್ಷ ನನ್ನ ಹೆಂಡತಿ ಶಾರದ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಾಗ, ಬೀದಿಯವರೆಲ್ಲ ‘ಅದೇ ಕಾಯಿಲೆ’ ಎಂದು ತೀರ್ಮಾನಿಸಿ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡತೊಡಗಿದರು. ಡಾಕ್ಟರು ಅವಳ ರಕ್ತ ಒಯ್ದು, ತಾವೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಮುಂದಿನ ಭಾನುವಾರ ಬಂದರು.

"ಕ್ಯಾನ್ಸರ್ ಅಲ್ಲ ಮೇಷ್ಟ್ರೇ. ಹೊಟ್ಟೇಲಿ ಹುಳ. ಅದೇ ರಕ್ತ ಹೀರ್ತಿದೆ. ಔಷಧಿ ಕೊಡ್ತೀನಿ."

ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಶಾರದ, "ಮನೇಲಿ ಸಾಕಿದ್ದು ಸಾಲ್ದು ಅಂತ ಹೊಟ್ಟೇಲೂ ಸಾಕ್ತಿದ್ನಾ?" ಎಂದಳು.

ನಾನು ಡಾಕ್ಟರ ಕೈ ಹಿಡಿದು ಅತ್ತೇಬಿಟ್ಟೆ. "ನನ್ನಿಂದ ಆಗೋ ಕೆಲಸ ಏನಾದ್ರೂ ಹೇಳಿ ಡಾಕ್ಟ್ರೇ."

"ಒಂದಿದೆ. ನನ್ನ ಸಂಶೋಧನೆಯ ಪೇಪರ್ ಅಚ್ಚಾಗಿದೆ. ಪ್ರತಿ ಬೇಕು ಅಂತ ಎಲ್ಲೆಲ್ಲಿಂದಲೋ ಡಾಕ್ಟರುಗಳು ಕಾರ್ಡು ಬರೆದಿದಾರೆ. ಕೇಳಿದೋರಿಗೆ ಕಳಿಸ್ಬೇಕು. ಈ ಮದ್ರಾಸಿನೋರಿಗೆ ಮೊದಲು. ಅವರ ವಾರ್ಡಲ್ಲಿ ನಾನು ಪೇಪರಲ್ಲಿ ಬರೆದಂಥದೇ ರೋಗಿ ಒಬ್ಬ ಇದಾನೆ."

ಇಪ್ಪತ್ತೈದು ಪ್ರತಿ, ಇಪ್ಪತ್ತೈದು ಕಾರ್ಡು. ಸೀಮೆಯಾಚೆಯವರೆಲ್ಲ ನಮ್ಮ ಬೀದಿಯವರನ್ನು ಕೇಳುತ್ತಿರುವಾಗ ಲಕೋಟೆಯ ಮೇಲೆ ಅವಸರದ ಅಕ್ಷರ ಬರೆಯಲಾದೀತೇ? ದಿನಕ್ಕೆ ಐದರಂತೆ, ಸುಳಿ ಹಾಕಿ ಬರೆಯತೊಡಗಿದೆ. ಎಲ್ಲವನ್ನೂ ಒಟ್ಟಿಗೇ ಅಂಚೆಗೆ ಹಾಕುವುದು ಚೆಂದವೆಂದು ಮದ್ರಾಸನ್ನೂ ಸಾಲಿನಲ್ಲಿ ನಿಲ್ಲಿಸಿದೆ.

ಎರಡನೆಯ ದಿನ ಒಂದು ಅಕ್ಷರದ ಬಾಲ ತಿದ್ದುತ್ತಿದ್ದಾಗ ಒಳಗಿನಿಂದ ಶಾರದ ಕೇಳಿದಳು: "ರೀ, ಈ ಪೇಪರ್ ಯಾರ್ದು?"

"ಡಾಕ್ಟ್ರದು ಕಣೇ. ಕೇಳಿದೋರಿಗೆ ಕೊಡೋಕೆ," ಎಂದೆ, ತಲೆಯೆತ್ತದೆ.

ಶಿಡ್ಲಘಟ್ಟದಲ್ಲಿ ಹೆಂಗಸರು ಪೇಪರ್ ಕೇಳುವುದು ಓದಲಿಕ್ಕಲ್ಲ, ಮರಿ ಹುಳಗಳ ತಟ್ಟೆಗೆ ಹಾಸಲಿಕ್ಕೆ. ಆ ವಾರ ಬೀದಿಯಲ್ಲೆಲ್ಲ ಮೊಟ್ಟೆ ಒಡೆದು ಮರಿ ಬಂದಿದ್ದವು.

ಶನಿವಾರ ಲಕೋಟೆ ಮುಗಿಸಿ ಪ್ರತಿಗಳ ಕಟ್ಟು ಹುಡುಕಿದರೆ ಬರೀ ದಾರ ಸಿಕ್ಕಿತು.

"ಕೇಳಿದೋರಿಗೆಲ್ಲ ಕೊಟ್ಟೆನಲ್ರೀ," ಎಂದಳು ಶಾರದ. "ನುಣ್ಣಗಿದೆ ಅಂತ ಖುಷಿಪಟ್ರು. ಮಿಕ್ಕಿದ್ದು ನಮ್ಮ ತಟ್ಟೆಗೇ ಹಾಸ್ದೆ."

ಪಕ್ಕದ ಮನೆಯ ಮುನೆಮ್ಮನ ತಟ್ಟೆಗೆ ಕೈ ಹಾಕಿದೆ. "ಮುಟ್ಬ್ಯಾಡಿ ಸಾಮೀ! ಹುಳ ಜ್ವರಕ್ಕೆ ಕೂತವೆ. ಕದಲಿಸಿದ್ರೆ ಸತ್ತೋಗ್ತವೆ."

ಪೊರೆ ಬಿಡುವ ಮುನ್ನ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಮನೆಮನೆ ಅಲೆದೆ. ನಮ್ಮ ಮನೆಯೂ ಸೇರಿ ಇಡೀ ಬೀದಿಗೇ ಜ್ವರ!

ಭಾನುವಾರ ಡಾಕ್ಟರು ಬಂದರು. "ಮದ್ರಾಸಿಗೆ ಹೋಯ್ತಾ ಮೇಷ್ಟ್ರೇ?"

"ಇಲ್ಲ ಡಾಕ್ಟ್ರೇ. ಪೇಪರಿಗೆ ಜ್ವರ."

ಅವರ ಕೈ ಅಭ್ಯಾಸಬಲದಿಂದ ಔಷಧಿ ಚೀಲಕ್ಕೆ ಹೋಯಿತು. ನಮ್ಮ ತಟ್ಟೆ ತೋರಿಸಿದೆ. ಅವರ ಮುಖ ಬಾಡಿತು. "ನನ್ನತ್ರಾನೂ ಬೇರೆ ಪ್ರತಿ ಇಲ್ಲ. ಆ ರೋಗಿ..." ಎಂದರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

ಶಾರದ ಒಂದು ಕೋಳಿ ಪುಕ್ಕ ತಂದು, ನಮ್ಮ ಹುಳಗಳನ್ನು ಸರಸರ ಪಕ್ಕಕ್ಕೆ ಗುಡಿಸಿ, ಒಂದು ಪ್ರತಿ ಎಳೆದು ಕೊಟ್ಟಳು. "ಸತ್ರೆ ಸಾಯ್ಲಿ ಬಿಡಿ. ನನ್ನನ್ನ ಉಳಿಸಿದೋರು ನೀವು. ಅಲ್ಲಿ ಇನ್ನೊಬ್ರು ಕಾಯ್ತಿದಾರೆ."

ಡಾಕ್ಟರು ಅದನ್ನು ಕೊಡವಿ, ಮಡಿಸಿ, ಜೇಬಿಗಿಟ್ಟುಕೊಂಡರು. ಹೊರಡುವಾಗ ಪಕ್ಕದ ತಟ್ಟೆ ನೋಡಿ ನಕ್ಕರು. "ಇಷ್ಟು ಜನ ತಲೆಯೆತ್ತಿ ಕೂತು ನನ್ನ ಪೇಪರ್ ಕೇಳಿದ್ದು ಇದೇ ಮೊದಲು." ಮಿಕ್ಕ ಪ್ರತಿಗಳನ್ನು ಜ್ವರ ಬಿಟ್ಟ ಮೇಲೆ ಕಳಿಸಿದೆ.

ಎರಡು ತಿಂಗಳಾದ ಮೇಲೆ ಮದ್ರಾಸಿನ ಕಾಗದ ಹಿಡಿದು ಡಾಕ್ಟರು ಬಂದು ಓದಿ ಹೇಳಿದರು. ಪೇಪರ್ ಹೊತ್ತಿಗೆ ಸರಿಯಾಗಿ ಒದಗಿತಂತೆ. ರೋಗಿ ಎದ್ದು ಕೂತು ಊಟ ಮಾಡುತ್ತಿದ್ದಾನಂತೆ. ಶಾರದ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಕನ್ನಡಕ ತೆಗೆದೆ.

ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ‘ಎರಡನೆಯ ಚಿತ್ರದಲ್ಲಿ ರಕ್ತಕಣಗಳ ನಡುವೆ ಕಾಣುವ ಸಣ್ಣ ಕಪ್ಪು ಕಣಗಳು ಯಾವುವು? ನಾವು ಇಂಥವನ್ನು ಎಲ್ಲೂ ಕಂಡಿಲ್ಲ. ದಯವಿಟ್ಟು ವಿವರಿಸಿ.’

"ಇದಕ್ಕೆ ಉತ್ತರ ನಿಮ್ಮ ದುಂಡಕ್ಷರದಲ್ಲೇ ಹೋಗ್ಲಿ," ಎಂದರು ಡಾಕ್ಟರು.

ಅಂದೇ ಬರೆದೆ, ಸುಳಿಯಿಲ್ಲದೆ: ‘ಅವು ರೇಷ್ಮೆ ಹುಳದ ಹಿಕ್ಕೆ.’ ರಕ್ತದ ಕ್ಯಾನ್ಸರ್ ಸಂಶೋಧನೆಗೆ ನಾನು ಕೊಟ್ಟ ಕಾಣಿಕೆ ಅಷ್ಟೇ.