ಹಸಿ ಹಕ್ಕರಕಿಯ ಆಸೆ

ಊಟದ ವಿಷಯದಲ್ಲಿ ಬೆಂಗಳೂರು ನನ್ನನ್ನು ಸುಮ್ಮನೆ ಬಿಟ್ಟಿದ್ದೇ ಇಲ್ಲ, ಏನಾದರೊಂದು ಆಗುತ್ತಲೇ ಇರುತ್ತೆ. ನಾನು ಕೊಪ್ಪಳದ ಕಡೆಯವನು. ಹೊಲದಲ್ಲೇ ಮೂಲಂಗಿ ಕಿತ್ತು, ಅಂಗಿಗೆ ಒರೆಸಿ ತಿಂದು ಬೆಳೆದ ದೇಹ ಇದು. ಯಲಹಂಕದ ನಮ್ಮ ಫ್ಯಾಕ್ಟರಿಯಲ್ಲಿ ನನ್ನಷ್ಟು ಭಾರ ಎತ್ತೋ ಗಂಡಸು ಇನ್ನೊಬ್ಬನಿಲ್ಲ. ಜಂಬ ಅಲ್ಲ, ಬಂದು ನೋಡಿ ಬೇಕಾದರೆ.

ಕರಿಬೇವು

ಫ್ಯಾಕ್ಟರಿಗೆ ತಪಾಸಣೆಗೆ ಬಂದ ಡಾಕ್ಟರ್ ಮೇಡಂ ನನ್ನ ರಿಪೋರ್ಟ್ ನೋಡಿ, "ರಕ್ತ ಕಮ್ಮಿ ಇದೆಯಲ್ರೀ" ಅಂದರು. ಸಾಲಲ್ಲಿ ನಿಂತವರೆಲ್ಲ ಕಿಸಕ್ಕೆಂದರು.

"ದಿನಾ ಏನ್ ತಿಂತೀರಾ?"

"ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಪುಳಿಯೋಗರೆ, ರಾತ್ರಿ ಮತ್ತೆ ಚಿತ್ರಾನ್ನ."

"ಹಣ್ಣು, ಸೊಪ್ಪು, ತರಕಾರಿ?"

"ಚಿತ್ರಾನ್ನದಲ್ಲಿ ಕರಿಬೇವು ಇರುತ್ತಲ್ಲ ಮೇಡಂ."

"ಅದನ್ನಾದ್ರೂ ತಿಂತೀರಾ?"

"ಇಲ್ಲ, ತಟ್ಟೆ ಪಕ್ಕಕ್ಕೆ ಇಡ್ತೀನಿ."

ಸಲಾಡ್ ಅಂಗಡಿ

ಸೊಪ್ಪು ಅಂದದ್ದೇ ತಡ, ನನಗೆ ಹಕ್ಕರಕಿ ಹುಚ್ಚು ಹತ್ತಿಕೊಂಡಿತು. ನಮ್ಮ ಕಡೆ ಜೋಳದ ರೊಟ್ಟಿ ಜೊತೆ ಹಸಿಯಾಗೇ ತಿನ್ನೋ ಸೊಪ್ಪು ಅದು. ಅವ್ವ ತೊಳೆದಿಟ್ಟರೆ ನೀರು ಜಾಡಿಸೋಕೂ ಪುರಸೊತ್ತಿಲ್ಲದೆ ಮುಕ್ಕುತ್ತಿದ್ದೆವು. ಇಲ್ಲಿಯ ಸೊಪ್ಪಿನವರನ್ನು ಕೇಳಿದರೆ ಹೆಸರೇ ಗೊತ್ತಿಲ್ಲ.

ನನ್ನ ಸಂಕಟ ನೋಡಲಾರದೆ ರೂಮ್‌ಮೇಟ್ ಸಂಜಯನಗರದ ಸಲಾಡ್ ಅಂಗಡಿಗೆ ಎಳಕೊಂಡು ಹೋದ. "ಇದನ್ನ ಬೇಯಿಸಲ್ಲ ಮಗಾ, ಹಂಗೇ ತಿನ್ನೋದು" ಅಂತ ಪಾಠ ಬೇರೆ. ಹಸಿ ಸೊಪ್ಪು ತಿನ್ನೋದನ್ನ ನನಗೆ ಕಲಿಸ್ತಾನೆ! ಬಾಯಿಗಿಟ್ಟೆ. ಎಲೆ ಕರಕರ ಅಂತು, ರುಚಿ ಮಾತ್ರ ಏನೂ ಅನ್ನಲಿಲ್ಲ. ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಸುರಿದೆ.

ವೇಟರ್ ಓಡಿ ಬಂದ. "ಸರ್, ಹೊರಗಿನ ತಿಂಡಿ ಇಲ್ಲಿ ತಿನ್ನೋ ಹಾಗಿಲ್ಲ." ಆಮೇಲೆ ಬಗ್ಗಿ ಕಿವಿಯಲ್ಲಿ, "ಪಕ್ಕದ ಟೇಬಲ್‌ನವರು ಅದೇ ಬೇಕು ಅಂತಿದ್ದಾರೆ, ಇನ್ನೂ ಇದೆಯಾ ಸರ್?"

ಫ್ರಿಜ್

ನನ್ನ ಗೋಳು ಫೋನಲ್ಲಿ ಕೇಳೀ ಕೇಳೀ ಸಾಕಾಗಿ ಅವ್ವ, ಊರಿನವರೊಬ್ಬರ ಕೈಲಿ ಹಕ್ಕರಕಿ ಕಳಿಸಿದಳು. ಒದ್ದೆ ಬಟ್ಟೆಯಲ್ಲಿ ಕೂಸಿನಂತೆ ಸುತ್ತಿತ್ತು, ಜೊತೆಗೆ ರೊಟ್ಟಿ. ಯಶವಂತಪುರ ಸ್ಟೇಷನ್‌ನಲ್ಲೇ ಮೂಸಿ ನೋಡಿದೆ, ಕಣ್ಣು ತುಂಬಿತು. ಡ್ಯೂಟಿಗೆ ಹೊತ್ತಾಗಿತ್ತು. ಮನೆ ಓನರ್ ಆಂಟಿ ಕೈಗೆ ಕೊಟ್ಟು, "ಫ್ರಿಜ್ಜಲ್ಲಿಡಿ ಆಂಟಿ, ಸಂಜೆ ತಿಂತೀನಿ" ಅಂದು ಓಡಿದೆ. ಇಡೀ ದಿನ ಫ್ಯಾಕ್ಟರಿಯಲ್ಲಿ ನನ್ನ ದವಡೆ ಸುಮ್ಮನೆ ಆಡುತ್ತಿತ್ತು.

ಸಂಜೆ ಬ್ಯಾಟರಾಯನಪುರದ ಮನೆ ಮೆಟ್ಟಿಲು ಹತ್ತುವಾಗಲೇ ಬೆಳ್ಳುಳ್ಳಿ ಒಗ್ಗರಣೆ ಘಮ. ಆಂಟಿ ಪಾತ್ರೆ ಹಿಡಿದು ನಗುತ್ತಾ ನಿಂತಿದ್ದರು. "ಪಾಪ, ನಿನ್ನ ಹತ್ರ ಒಲೆ ಎಲ್ಲಿದೆಯಪ್ಪ? ನಾನೇ ಬೇಳೆ ಹಾಕಿ ಮಸ್ಸೊಪ್ಪು ಮಾಡ್ಬಿಟ್ಟೆ."

"ಅಷ್ಟೂ ಸೊಪ್ಪಾ?"

"ಒಂದೆಲೆನೂ ಬಿಟ್ಟಿಲ್ಲ!"

ಅಷ್ಟರಲ್ಲಿ ಅವ್ವನ ಫೋನ್. "ಹಕ್ಕರಕಿ ತಿಂದ್ಯೇನೋ?"

"ಮನಿ ಆಂಟಿ ಕುದಿಸ್ಯಾರ ಯವ್ವಾ."

"ಹಕ್ಕರಕಿ ಯಾರರ ಕುದಸ್ತಾರೇನೋ! ಕೊಡು ಆಕೀಗೆ ಫೋನು."

ಜಗಳ ಗ್ಯಾರಂಟಿ ಅಂದುಕೊಂಡೆ. ಆಂಟಿ, "ಹಸೀದೇ ತಿನ್ನೋದಾ ಅಕ್ಕಾ? ಅಯ್ಯೋ ಶಿವನೇ!" ಅಂದವರು ನಗೋಕೆ ಶುರು ಮಾಡಿದರು. ಆಮೇಲೆ ನನ್ನನ್ನು ಬಿಟ್ಟು ಇಬ್ಬರೂ ಲೋಕದ ಮಾತೆಲ್ಲ ಆಡಿದರು. ಮಸ್ಸೊಪ್ಪು ಆರಿಹೋದ ಮೇಲೆ ಫೋನ್ ನನ್ನ ಕೈಗೆ ಬಂತು.

"ಚೊಲೋ ಹೆಣ್ಮಗಳೋ. ಇನ್ನೊಮ್ಮೆ ಎರಡು ಸೂಡು ಹಕ್ಕರಕಿ ಕಳಸ್ತೀನಿ. ಒಂದು ಆಕೀಗೆ, ಕುದಿಸಿಕೊಳ್ಳಲಿ."

"ಇನ್ನೊಂದು ನನಗ?"

"ಅದೂ ಆಕೀಗೇ, ಹಸೀದ ತಿಂದು ನೋಡಲಿ. ನಿನಗ ಬೇಕಂದ್ರ ಊರಿಗೆ ಬಾ."