ಪಾಪಣ್ಣನ ಉಸಿರು: ಪೂಜೆಯೋ, ಔಷಧಿಯೋ?

ಪಾಪಣ್ಣನಿಗೆ ಬೇಕಾಗಿದ್ದದ್ದು ದಿನಕ್ಕೆ ಇಪ್ಪತ್ತು ನಿಮಿಷದ ಮೌನ, ಅಷ್ಟೇ. ಮೊಳಕಾಲ್ಮೂರಿನ ಆ ಓಣಿಯಲ್ಲಿ ಅದೇನೂ ಸಣ್ಣ ಆಸೆಯಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಲೇ ತಲೆ ನರೆತವನಿಗೆ ಮಗ್ಗದ ಸದ್ದು ಸದ್ದೇ ಅಲ್ಲ. ಆದರೆ ಮಗ್ಗ ನಿಂತಿತೆಂದರೆ ಟೀವಿಯ ತೆಲುಗು ಧಾರಾವಾಹಿ ಶುರು. ಅದು ನಿಂತರೆ ಹೆಂಡತಿ ಗೋವಿಂದಮ್ಮ. ಅವಳು ಉಸಿರೆಳೆದುಕೊಳ್ಳಲು ನಿಂತರೆ ಪಿಯುಸಿ ಓದುತ್ತಿದ್ದ ಮಗಳು. (ಆ ಮಗಳಿಗೆ ಮೌನಿಕಾ ಎಂದು ಹೆಸರಿಟ್ಟವನು ಪಾಪಣ್ಣನೇ. ಮನುಷ್ಯ ಆಸೆ ಪಡುವುದರಲ್ಲಿ ತಪ್ಪೇನಿದೆ?)

ಹೀಗಿರುವಾಗ ಅವನಿಗೆ ಬಿಪಿ ಏರಿತು. ಚಳ್ಳಕೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಅಲ್ಲೇ ಕಲ್ಯಾಣ ಮಂಟಪದಲ್ಲಿ ನಡೆಯುತ್ತಿದ್ದ ಧ್ಯಾನದ ಶಿಬಿರಕ್ಕೂ ಹೋಗಿಬರಲು ಹೇಳಿದರು. ಶಿಬಿರದ ಮೇಡಮ್ಮು, “ಕಣ್ಣು ಮುಚ್ಚಿ ಕೂತು ಉಸಿರು ಬರುವುದನ್ನೂ ಹೋಗುವುದನ್ನೂ ಗಮನಿಸಿ. ಇದಕ್ಕೆ ಜಾತಿಯಿಲ್ಲ, ಮತವಿಲ್ಲ. ಮನಸ್ಸಿಗೊಂದು ವ್ಯಾಯಾಮ” ಎಂದರು. ಪಾಪಣ್ಣ ಕೂತ. ಯಾರೂ ಅವನನ್ನು ಕರೆಯಲಿಲ್ಲ. ಸ್ವರ್ಗವೆಂಬುದು ಚಳ್ಳಕೆರೆಯಲ್ಲಿದೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಮನೆಗೆ ಬಂದು ಹೇಳಿದಾಗ ಗೋವಿಂದಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಏಮಂಡಿ, ಇದು ಪೂಜೇನಾ, ಔಷಧೀನಾ?”

ಪಾಪಣ್ಣ ಒಳಗೊಳಗೇ ಲೆಕ್ಕ ಹಾಕಿದ. ಔಷಧಿ ಕುಡಿಯುವವನನ್ನು ಅರ್ಧಕ್ಕೇ ಎಬ್ಬಿಸಿ ಅಂಗಡಿಗೆ ಕಳಿಸಬಹುದು. ಪೂಜೆಗೆ ಕೂತವನನ್ನು ಯಾರು ಎಬ್ಬಿಸುತ್ತಾರೆ?

“ಪೂಜೆ ಕಣೇ” ಎಂದ. ಆ ಮಹಾವಾಕ್ಯವೇ ಅವನ ಕೊರಳಿಗೆ ಉರುಳಾಯಿತು.

ಮರುದಿನ ಕೋಳಿ ಕೂಗುವ ಮೊದಲೇ ತಲೆಯ ಮೇಲೆ ತಣ್ಣೀರು ಬಿತ್ತು. “ಮಡಿ ಇಲ್ದೆ ಎಂಥ ಪೂಜೆ?” ಎಂದಳು ಗೋವಿಂದಮ್ಮ. ಮೂಲೆಯಲ್ಲಿ ಮಣೆ ಹಾಕಿ, ದೀಪ ಹಚ್ಚಿ, ಹಿಡಿ ತುಂಬ ಊದುಬತ್ತಿ ಸಿಕ್ಕಿಸಿದಳು. ಪಾಪಣ್ಣ ಗಮನಿಸಬೇಕಾದ ಉಸಿರು ಕೆಮ್ಮಾಗಿ ಹೊರಬಂತು. ಕಣ್ಣು ಬಿಟ್ಟರೆ ಎದುರಿಗೆ ಪಕ್ಕದ ಮನೆಯ ಜಯಣ್ಣ ಕೈಮುಗಿದು ಕೂತಿದ್ದ.

“ಪಾಪಣ್ಣಾರೆ, ನಮ್ಮ ಎಮ್ಮೆ ಹಾಲು ಕೊಡವಲ್ದು. ಒಂಚೂರು ವಿಭೂತಿ ಮಂತ್ರಿಸಿ ಕೊಡ್ರಿ.”

“ಲೇ ಜಯಣ್ಣ, ನಾನು ಸುಮ್ನೆ ಕುಂತೀನಿ ಕಣಲೇ.”

“ದೊಡ್ಡೋರು ಹಂಗೇ ಅನ್ನೋದು ಬಿಡ್ರಿ” ಎಂದು ಜಯಣ್ಣ ಇನ್ನಷ್ಟು ಬಗ್ಗಿ ಕೂತ.

ಅಮಾವಾಸ್ಯೆ ಬಂತು. ನೇಕಾರರ ಮನೆಯಲ್ಲಿ ಆ ದಿನ ಮಗ್ಗ ಮುಟ್ಟುವಂತಿಲ್ಲ. ಪಾಪಣ್ಣ ತಿಂಗಳಿಗೊಮ್ಮೆ ಕಣ್ತುಂಬ ನಿದ್ದೆ ಮಾಡುತ್ತಿದ್ದದ್ದು ಅಂದೇ. “ಅಮಾಸೆ ಪೂಜೆಗೆ ಫಲ ಜಾಸ್ತಿ” ಎಂದು ಗೋವಿಂದಮ್ಮ ಅವನನ್ನು ಮಧ್ಯಾಹ್ನದವರೆಗೂ ಮಣೆಯಿಂದ ಏಳಗೊಡಲಿಲ್ಲ. ತೂಕಡಿಸಿದಾಗಲೆಲ್ಲ ಮೌನಿಕಾ ಗಂಟೆ ಬಾರಿಸಿದಳು.

ಅದನ್ನೂ ಸಹಿಸಿದ. ಆದರೆ ಭಾನುವಾರ ಮನೆಯಲ್ಲಿ ಕುರಿ ಬಾಡಿನ ಸಾರು ಕುದಿಯಿತು, ಅವನ ತಟ್ಟೆಗೆ ಮಾತ್ರ ಅನ್ನ ತಿಳಿಸಾರು ಬಿತ್ತು.

“ಪೂಜೆಗೆ ಕುಂತೋರು ಬಾಡು ತಿಂತಾರೇನ್ರಿ?”

ಪಾಪಣ್ಣ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿದ. ಒಳಗೆ ಹೋದದ್ದು ಮಸಾಲೆ, ಹೊರಗೆ ಬಂದದ್ದು ನಿಟ್ಟುಸಿರು. ಇನ್ನು ತಡೆಯಲಾಗಲಿಲ್ಲ.

“ಗೋವಿಂದಮ್ಮ, ಇದು ಪೂಜೆ ಅಲ್ಲ. ಔಷಧಿ. ದೇವ್ರಿಗೂ ಇದಕ್ಕೂ ಸಂಬಂಧಾನೇ ಇಲ್ಲ.”

“ಅಯ್ಯೋ ರಾಮಾ! ದೇವ್ರ ಮುಂದೆ ಕುಂತು ಸುಳ್ಳಾ?”

“ದೇವ್ರಿಗೆ ಗೊತ್ತಿತ್ತು. ನಿನಗೆ ಗೊತ್ತಿರ್ಲಿಲ್ಲ, ಅಷ್ಟೇ.”

“ಹಂಗಾದ್ರೆ ಕಣ್ಣು ಮುಚ್ಚಿ ಕೂರ್ಲೇಬೇಕು ಅಂತೇನಿಲ್ವಾ ಅಪ್ಪಾ?” ಎಂದಳು ಮೌನಿಕಾ.

ಸಾರಿನ ಪಾತ್ರೆಯ ಮೇಲೆ ಕಣ್ಣಿಟ್ಟಿದ್ದ ಪಾಪಣ್ಣನಿಗೆ ಅದ್ಭುತ ವಾಕ್‌ಶಕ್ತಿ ಬಂತು. “ಏನೂ ಇಲ್ಲಮ್ಮ! ಮಡಿ ಬ್ಯಾಡ, ಮಣೆ ಬ್ಯಾಡ. ಗಮನ ಇಟ್ಟು ಮಾಡಿದ್ರೆ ಕಸ ಗುಡಿಸಿದ್ರೂ ಅದೇ, ಪಾತ್ರೆ ತಿಕ್ಕಿದ್ರೂ ಅದೇ!”

ಗೋವಿಂದಮ್ಮ ಒಂದು ಗಳಿಗೆ ಸುಮ್ಮನಾದಳು. (ಅನುಭವಸ್ಥನಾದ ಗಂಡ ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.) ಆಮೇಲೆ ಎರಡು ಮುದ್ದೆ ಇಟ್ಟು ಧಾರಾಳವಾಗಿ ಸಾರು ಬಿಟ್ಟಳು. ಅವನು ಇನ್ನಷ್ಟು ಕೇಳಿದ, ಇನ್ನಷ್ಟು ಬಿಟ್ಟಳು. ಪಾಪಣ್ಣ ತೇಗಿ, ಕೈ ತೊಳೆದು, ಚಾಪೆ ಹುಡುಕುವಷ್ಟರಲ್ಲಿ ತಳ ಹಿಡಿದ ಸಾರಿನ ಪಾತ್ರೆ, ಬೂದಿ, ತೆಂಗಿನ ನಾರು ಎದುರಿಗೆ ಬಂದು ಕೂತವು.

“ಗಮನ ಇಟ್ಟು ತಿಕ್ಕ್ರಿ. ಬಿಪಿ ಇಳೀತೈತೆ.”

“ನನ್ನ ಇಪ್ಪತ್ತು ನಿಮಿಷ?”

“ತಳ ಸೀದೈತೆ. ಇಪ್ಪತ್ತಕ್ಕೆ ಮುಗಿಯಾಕಿಲ್ಲ.”

ಗೋವಿಂದಮ್ಮ ಟೀವಿ ಆರಿಸಿದಳು. ಮಗಳನ್ನು ಗೆಳತಿಯ ಮನೆಗೆ ಓದಲು ಅಟ್ಟಿದಳು. ಕೈಕಾಲು ತೊಳೆದು, ಸೀರೆ ಬದಲಿಸಿ, ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಪಾಪಣ್ಣ ಹಂಬಲಿಸಿದ್ದ ಮೌನ, ಹೆಂಚಿನ ಮೇಲೆ ಗುಬ್ಬಿ ನಡೆದರೂ ಕೇಳುವಂಥ ಮೌನ, ಕೊನೆಗೂ ಆ ಮನೆಗೆ ಬಂತು. ಅದನ್ನು ಕೆಡಿಸುತ್ತಿದ್ದದ್ದು ಅವನ ಕೈಯ ಪಾತ್ರೆಯೊಂದೇ.

ಅವನಿಗೆ ತಡೆಯಲಾಗಲಿಲ್ಲ. “ಬಾಡು ತಿಂದು ಪೂಜೆಗೆ ಕುಂತೀಯೇನೇ?”

ಗೋವಿಂದಮ್ಮ ಒಂದೇ ಕಣ್ಣು ತೆರೆದಳು.

“ನಾನೆಲ್ಲಿ ತಿಂದೆ? ನನ್ನ ಪಾಲಿಂದೂ ನೀವೇ ಉಂಡ್ರಲ್ಲ. ನಿಮ್ದು ಔಷಧಿ, ನಂದು ಪೂಜೆ. ಸದ್ದಾಗದಂಗೆ ತಿಕ್ಕ್ರಿ.”