ರಂಗದ ಮೇಲೆ ಬಿಸಿ ಚಹಾ

ಉತ್ಸಾಹ ಬಂದಾಗ ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಒಂದು ಸಣ್ಣ ಚಹಾಪುಡಿ ಕಂಪನಿಯ ಜಾಹೀರಾತು ವಿಭಾಗದಲ್ಲಿದ್ದೆ. ವಿಭಾಗವೆಂದರೆ ನಾನು, ಒಂದು ಮೇಜು, ಅಲುಗಾಡುವ ಒಂದು ಫ್ಯಾನು, ಅಷ್ಟೇ. ಟೀವಿಯ ತುಂಬ ದೊಡ್ಡ ಕಂಪನಿಗಳ ಚಹಾ, ನಮ್ಮದನ್ನು ಕೇಳುವವರಿಲ್ಲ. ಅದೇ ಹೊತ್ತಿಗೆ ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಿವೃತ್ತ ಶಿಕ್ಷಕಿ ಇಂದಿರಾಬಾಯಿ ಕನ್ನಡದ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ, ಪಾರ್ಕಿಂಗಿನ ಸ್ಕೂಟರುಗಳನ್ನು ಬದಿಗೆ ಸರಿಸಿ, ನಾಟಕದ ತಾಲೀಮು ನಡೆಸಿದ್ದರು. ನಾಟಕ ಸಿದ್ಧ, ಥಿಯೇಟರಿನ ಬಾಡಿಗೆಗೆ ಮಾತ್ರ ಗತಿಯಿಲ್ಲ. ಬಾಡಿಗೆ ನಮ್ಮ ಕಂಪನಿ ಕೊಟ್ಟರೆ ಚಹಾಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ನಾನು ಕುಣಿದಾಡಿಬಿಟ್ಟೆ!

ಮರಾಠಿಯವರಾದ ನಮ್ಮ ಮಾಲೀಕರ ಮುಂದೆ ನಿಂತು ಭಾಷಣ ಬಿಗಿದೆ. ಊರು ಬಿಟ್ಟು ಬಂದವರ ನಾಟಕಕ್ಕೆ ಕೈ ಹಿಡಿದವರನ್ನು ನಮ್ಮ ಕನ್ನಡಿಗರು ಏಳು ಜನ್ಮಕ್ಕೂ ಮರೆಯುವುದಿಲ್ಲ ಎಂದೆ. ಏಳು ಜನ್ಮ ಸ್ವಲ್ಪ ಜಾಸ್ತಿಯಾಯಿತೇನೋ. ಸಾಹೇಬರು ಒಪ್ಪಿದರು, ಆದರೆ ಕಂಪನಿಯ ಹೆಸರು ಕೆಟ್ಟರೆ ನನ್ನ ಮೇಜು ಗೋದಾಮಿಗೆ ಹೋಗುತ್ತದೆಂದೂ ತಿಳಿಸಿದರು. ಇತ್ತ ಇಂದಿರಾಬಾಯಿಯವರದು ಇನ್ನೊಂದು ಕರಾರು. "ಬ್ಯಾನರ್ ಬಾಗಲಾಗ ಕಟ್ರಿ. ನಾಟಕದಾಗ ಮೂಗು ತೂರಿಸಿದ್ರ ನೋಡ್ರಿ ಮತ್ತ!"

ತೂರಿಸದೆ ಇದ್ದರೆ ನಾನು ನಾನೇ ಅಲ್ಲ. ನಾಟಕದಲ್ಲಿ ಕನ್ಯೆ ನೋಡುವ ದೃಶ್ಯವಿತ್ತು. ರಂಗದ ಮೇಲೆ ಖಾಲಿ ಕಪ್ಪು ಎತ್ತಿ ಕುಡಿದಂತೆ ಮಾಡುವುದು ಹಳೇ ಪದ್ಧತಿ. "ಬಾಯಾರ, ಖರೇ ಚಹಾನ ಇರ್ಲಿ, ಹೊಗಿ ಆಡೂ ಚಹಾ!" ಎಂದು ಕಾಡಿ ಬೇಡಿ ಒಪ್ಪಿಸಿದೆ.

ಪ್ರಯೋಗದ ದಿನ ಹಾಲ್ ತುಂಬಿತ್ತು. ಕನ್ಯೆಯ ತಾಯಿಯ ಪಾತ್ರದ ಶಾಂತಕ್ಕ ಟ್ರೇ ಹಿಡಿದು ಬಂದರು. ಶುಂಠಿ ಚಹಾದ ಘಮ ಕೊನೆಯ ಸಾಲಿನವರೆಗೂ ಹೋಯಿತು. ಎಲ್ಲರಿಗೂ ಕೊಟ್ಟು ತಾವೂ ಕಪ್ಪು ಎತ್ತಿದವರು ಥಟ್ಟನೆ ನಿಂತರು. ಎದುರಿಗೆ ಕೂತವರನ್ನು ಕೇಳದೆ ಚಹಾ ಕುಡಿದು ಆಕೆಗೆ ಗೊತ್ತೇ ಇಲ್ಲ! ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದ ನಮ್ಮ ಸಾಹೇಬರಿಗೆ, "ನೀವೂ ಬರ್ರೆಲಾ, ಚಹಾ ತಗೋರಿ!" ಎಂದುಬಿಟ್ಟರು. ಸಾಹೇಬರು ಗಾಬರಿಯಿಂದ "ನಕೋ ನಕೋ" ಎಂದರು. ನಮ್ಮ ಕಡೆ ಬೇಡವೆನ್ನುವುದು ಬರೀ ಮರ್ಯಾದೆಯ ಮಾತು, ಅದನ್ನು ಯಾರು ನಂಬುತ್ತಾರೆ? "ಹಂಗಂದ್ರ ಹ್ಯಾಂಗ್ರಿ? ಅರ್ಧಾ ಕಪ್ಪರೆ ತಗೋರಿ!" ಶಾಂತಕ್ಕ ರಂಗದ ಅಂಚಿಗೇ ಬಂದು ಕಪ್ಪು ಚಾಚಿದರು. ನಾನು ಪಕ್ಕದ ಪರದೆಯ ಹಿಂದೆ ನಿಂತಿದ್ದೆ. ಕಣ್ಣ ಮುಂದೆ ಗೋದಾಮು, ಗೋಣಿಚೀಲ!

ಸಾಹೇಬರು ಎದ್ದರು. ಹೊರಟೇ ಹೋದರು ಎಂದುಕೊಂಡೆ. ಇಲ್ಲ, ಮೆಟ್ಟಿಲು ಹತ್ತಿ ರಂಗಕ್ಕೇ ಬಂದು, ವರನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಚಹಾ ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು, ಮೈಕಿಗೆ ಕೇಳುವಂತೆ ಸುರ್ರನೆ ಹೀರಿದರು. ವರನ ಸೋದರತ್ತೆಯ ಪಾತ್ರದಲ್ಲಿದ್ದ ಇಂದಿರಾಬಾಯಿ ಒಂದು ಕ್ಷಣವೂ ತಡಮಾಡದೆ, "ಅಂತೂ ನಮ್ಮ ಹುಡುಗನ ಸೋದರಮಾವ ಬಂದ್ರು! ಇನ್ನ ಮಾತುಕತಿ ನಡೀಲಿ!" ಎಂದರು. ಚಪ್ಪಾಳೆಯೋ ಚಪ್ಪಾಳೆ! ಕನ್ನಡ ಬಾರದ ಸಾಹೇಬರು ಎಲ್ಲದಕ್ಕೂ ಗೋಣು ಹಾಕಿದ್ದರಿಂದ, ಮೂರನೆಯ ಅಂಕದಲ್ಲಿ ಮುರಿಯಬೇಕಿದ್ದ ಮದುವೆ ಎರಡನೆಯದರಲ್ಲೇ ಗಟ್ಟಿಯಾಯಿತು.

ನಾಟಕ ಮುಗಿದ ಮೇಲೆ ಜನ ಅವರನ್ನು "ಬೀಗರಽ" ಎಂದು ಮುತ್ತಿಕೊಂಡರು. ಮುಂದಿನ ವರ್ಷದ ಥಿಯೇಟರೂ ನಮ್ಮದೇ ಎಂದು ಸಾಹೇಬರು ಅಲ್ಲೇ ಸಾರಿಬಿಟ್ಟರು. ವಾರದೊಳಗೆ ಊರಿನ ಆಚೆ ಬದಿಯ ಖಡಕಿಯ ಅಂಗಡಿಗಳಲ್ಲೂ ಜನ 'ಬೀಗರ ಚಹಾ' ಕೇಳತೊಡಗಿದರು. ನಾನಂತೂ ನೆಲದ ಮೇಲೆ ಕಾಲಿಟ್ಟು ನಡೆಯುತ್ತಿರಲಿಲ್ಲ.

ಹಾಗೆ ತೇಲುತ್ತ ಬರುವಾಗ ಇಂದಿರಾಬಾಯಿ ಮೆಟ್ಟಿಲ ಬಳಿ ತಡೆದರು. ಅವರ ಕೈಯಲ್ಲಿ ನಮ್ಮ ಪೊಟ್ಟಣ. "ನಿಮ್ಮ ಸಾಹೇಬ್ರು ಭಾಳ ಛಲೋ ಮನುಷ್ಯಾರ್ರಿ. ಮದಿವ್ಯಾದಾಗಿಂದ ಕುಡಿಯೂ ಪುಡಿ ಬಿಟ್ಟು ನಿಮ್ಮದು ತಂದೇನಿ. ನಾಕು ಮಂದಿಗೆ ನಿಮ್ಮ ಮನ್ಯಾಗ ಎಷ್ಟು ಚಮಚಾ ಹಾಕ್ತೀರಿ?"

ನಾನು ಕೆಮ್ಮಿದೆ, ಗಡಿಯಾರ ನೋಡಿಕೊಂಡೆ, "ಮನ್ಯಾಗ ಕೇಳಿ ಹೇಳ್ತೇನ್ರಿ" ಎಂದೆ. ಕೇಳುವುದೇನು ಬಂತು? ನಮ್ಮ ಮನೆಯಲ್ಲಿ ಮೊದಲಿನಿಂದಲೂ ಬೇರೆ ಕಂಪನಿಯ ಪುಡಿ.